ಪರೀಕ್ಷೆಯ ಪರೀಕ್ಷೆ

ಅಳತೆಯೆಂಬುದು ಭೌತವಿಜ್ಞಾನದ ಜೀವಾಳ. ಉಷ್ಣತೆಯನ್ನು ಅಳೆಯಲು ಉಷ್ಣಮಾಪಕವುಂಟು. ಗಾಳಿಯ ಒತ್ತಡವನ್ನು ಅಳೆಯಲು ವಾಯುಭಾರಮಾಪಕವುಂಟು. ಅಕ್ಕಿಯನ್ನು ಅಳೆಯಲು ನಮ್ಮ ಹಿರಿಯರ ಮನೆಗಳಲ್ಲಿ ಸೇರು, ಪಾವುಗಳಿದ್ದುವು. ಆದರೆ ಒಬ್ಬ ವಿದ್ಯಾರ್ಥಿಯ ತಲೆಯೊಳಗಿರುವ ವಿದ್ಯೆಯನ್ನು ಅಳೆಯುವ ಉಪಕರಣ ಯಾವುದು? ಪರೀಕ್ಷೆ, ಎಂದು ಯಾರಾದರೂ ತಡವಿಲ್ಲದೆ ಹೇಳಿಯಾರು. ಒಳ್ಳೆಯದು. ಹಾಗಾದರೆ ಆ ಉಪಕರಣವನ್ನು ಎಷ್ಟರಮಟ್ಟಿಗೆ ನಂಬಬಹುದು? ಪ್ರಯೋಗಶಾಲೆಯಲ್ಲಿ ಯಾವ ಉಪಕರಣವನ್ನೂ ಅದರ ದೋಷವೆಷ್ಟೆಂದು ತಿಳಿಯದೆ ನಾವು ಬಳಸುವುದಿಲ್ಲ. ಸಾವಿರಾರು ಮಂದಿ ತರುಣರ ಬಾಳನ್ನು ನಿರ್ಣಯಿಸುವ ಉಪಕರಣದ ವಿಷಯದಲ್ಲಿ ಮಾತ್ರ ಈ ಎಚ್ಚರಿಕೆ ಏಕಿಲ್ಲ?

ಅದರಲ್ಲಿಯೂ ನಮ್ಮ ಗಮನ ಇಲ್ಲಿ ಎಂ.ಎಸ್‌ಸಿ., ಎಂ.ಎ. ಮೊದಲಾದ ಸ್ನಾತಕೋತ್ತರ ತರಗತಿಗಳ ಪರೀಕ್ಷೆಯ ಮೇಲಿದೆ. ಹೈಸ್ಕೂಲಿನಲ್ಲಿ ಓದುತ್ತಿರುವ ವಾಚಕರಿಗೆ ಇದು ದೂರದ ಮಾತೆನಿಸಬಹುದು. ಆದರೆ ಊರಿನ ಕಾಲೇಜಿಗೆ ಉಪಾಧ್ಯಾಯರಾಗಿ ಬರುವವರೂ, ಮುಂದೆ ಸಂಶೋಧನೆಗೆ ತೊಡಗುವವರೂ ಬಹುಮಟ್ಟಿಗೆ ಈ ಮೆಟ್ಟಲನ್ನು ಹತ್ತಿಯೇ ಬರುವವರು. ಅವರನ್ನು ಹೇಗೆ ಅಳೆಯುತ್ತೇವೆಯೋ ಹಾಗೆಯೇ ಅವರು ನಾಳೆ ತಮ್ಮ ಶಿಷ್ಯರನ್ನು ಅಳೆಯುತ್ತಾರೆ.

ಎರಡು ಬಗೆಯ ದೋಷ

ಅಳತೆಯಲ್ಲಿ ಎರಡು ಬಗೆಯ ದೋಷಗಳುಂಟೆಂಬುದನ್ನು ಕಾಲೇಜಿನ ಮೊದಲ ವರ್ಷದಲ್ಲಿಯೇ ಕಲಿಯುತ್ತೇವೆ. ಒಂದು, ಯಾದೃಚ್ಛಿಕ ದೋಷ: ಲೋಲಕದ ಆವರ್ತಕಾಲವನ್ನು ಹತ್ತು ಸಲ ಅಳೆದರೆ ಹತ್ತು ಸಲವೂ ಕೊಂಚ ಕೊಂಚ ಬೇರೆಯಾದ ಸಂಖ್ಯೆಗಳು ಬರುತ್ತವೆ. ಇದಕ್ಕೆ ಮದ್ದು ಸುಲಭ. ಹೆಚ್ಚು ಸಲ ಅಳೆದು ಸರಾಸರಿ ತೆಗೆಯುವುದು. ನಾಲ್ಕು ಸ್ವತಂತ್ರ ಅಳತೆಗಳ ಸರಾಸರಿಯಲ್ಲಿ ಈ ದೋಷ ಅರ್ಧಕ್ಕಿಳಿಯುತ್ತದೆ. ಒಂಬತ್ತು ಅಳತೆಗಳಲ್ಲಿ ಮೂರರಲ್ಲೊಂದು ಪಾಲಿಗೆ ಇಳಿಯುತ್ತದೆ. ಇನ್ನೊಂದು, ವ್ಯವಸ್ಥಿತ ದೋಷ: ಅಳತೆಪಟ್ಟಿಯ ತುದಿ ಸವೆದು ಅರ್ಧ ಸೆಂಟಿಮೀಟರು ಮೋಟಾಗಿದ್ದರೆ ಸಾವಿರ ಸಲ ಅಳೆದರೂ ತಪ್ಪು ತಪ್ಪೇ. ಅದಕ್ಕೆ ಪಟ್ಟಿಯನ್ನೇ ಬದಲಾಯಿಸಬೇಕು.

ಪರೀಕ್ಷೆಗೂ ಈ ಎರಡು ದೋಷಗಳು ತಪ್ಪಿದ್ದಲ್ಲ. ಒಂದೇ ಉತ್ತರಕ್ಕೆ ಒಬ್ಬ ಪರೀಕ್ಷಕರು ಒಂದು ಅಂಕವನ್ನೂ ಮತ್ತೊಬ್ಬರು ಬೇರೊಂದನ್ನೂ ಕೊಡುವುದು ಮೊದಲನೆಯ ಬಗೆ. ಬುದ್ಧಿಯನ್ನು ಅಳೆಯುತ್ತೇವೆಂದು ಹೊರಟು ಬರಿಯ ನೆನಪನ್ನು ಅಳೆದು ಬರುವುದು ಎರಡನೆಯ ಬಗೆ. ಮೊದಲನೆಯದು ಇಲ್ಲದಿರುವಿಕೆಯನ್ನು ಶಿಕ್ಷಣಶಾಸ್ತ್ರಜ್ಞರು ವಿಶ್ವಸನೀಯತೆ ಎಂದೂ, ಎರಡನೆಯದು ಇಲ್ಲದಿರುವಿಕೆಯನ್ನು ಸಪ್ರಮಾಣತೆ ಎಂದೂ ಕರೆಯುತ್ತಾರೆ.

ಮೊದಲನೆಯ ದೋಷ ಎಷ್ಟು ದೊಡ್ಡದೆಂಬುದನ್ನು ಇಂಗ್ಲೆಂಡಿನಲ್ಲಿ ಫಿಲಿಪ್ ಹಾರ್ಟಗ್ ಮತ್ತು ರೋಡ್ಸ್ ಎಂಬಿಬ್ಬರು ೧೯೩೫ರಲ್ಲಿ ಪ್ರಕಟಿಸಿದ ವರದಿ ತೋರಿಸಿಕೊಟ್ಟಿತು. ಈ ಹಾರ್ಟಗ್ ನಮ್ಮ ಉಪಖಂಡಕ್ಕೆ ಅಪರಿಚಿತರಲ್ಲ. ಢಾಕಾ ವಿಶ್ವವಿದ್ಯಾನಿಲಯದ ಮೊದಲ ಉಪಕುಲಪತಿ ಅವರೇ. ಮೊದಲು ಒಂದೇ ಅಂಕ ಪಡೆದಿದ್ದ ೧೫ ಚರಿತ್ರೆಯ ಉತ್ತರಪತ್ರಿಕೆಗಳನ್ನು ಅನುಭವಿಗಳಾದ ಪರೀಕ್ಷಕರ ಕೈಗೆ ಕೊಡಲಾಯಿತು. ೧೨ರಿಂದ ೧೯ ತಿಂಗಳುಗಳ ಮೇಲೆ ಅವರಲ್ಲಿ ೧೪ ಮಂದಿಗೆ ಅವೇ ಪತ್ರಿಕೆಗಳನ್ನು ಮತ್ತೆ ಕೊಟ್ಟರು. ಒಟ್ಟು ೨೧೦ ತೀರ್ಪುಗಳಲ್ಲಿ ೯೨ ಸಲ ಪರೀಕ್ಷಕರು ತಮ್ಮ ಹಿಂದಿನ ತೀರ್ಪನ್ನು ತಾವೇ ಬದಲಿಸಿದ್ದರು! ಒಬ್ಬರಿಗೂ ಮತ್ತೊಬ್ಬರಿಗೂ ಹೋಲಿಕೆಯಿಲ್ಲವೆಂಬುದು ಹಾಗಿರಲಿ, ಒಬ್ಬರಿಗೆ ತಮ್ಮೊಡನೆಯೇ ಹೋಲಿಕೆಯಿರಲಿಲ್ಲ.

ನಮ್ಮ ನಾಡಿನ ಸುಧಾರಣೆಗಳು

ನಮ್ಮ ದೇಶದಲ್ಲಿ ಈ ಚಿಂತೆ ಹೊಸದಲ್ಲ. ಡಾ. ರಾಧಾಕೃಷ್ಣನ್ನರ ಅಧ್ಯಕ್ಷತೆಯಲ್ಲಿ ೧೯೪೮–೪೯ರಲ್ಲಿ ಕೆಲಸಮಾಡಿದ ವಿಶ್ವವಿದ್ಯಾನಿಲಯ ಶಿಕ್ಷಣ ಆಯೋಗವು, ಒಂದೇ ಒಂದು ಸುಧಾರಣೆಯನ್ನು ಸೂಚಿಸೆಂದರೆ ಪರೀಕ್ಷೆಯ ಸುಧಾರಣೆಯನ್ನೇ ಸೂಚಿಸುವೆವೆಂಬ ಅಭಿಪ್ರಾಯವನ್ನು ಮುಂದಿಟ್ಟಿತು. ಭೌತವಿಜ್ಞಾನಿಗಳೇ ಆಗಿದ್ದ ಡಿ. ಎಸ್. ಕೊಠಾರಿಯವರ ಆಯೋಗವು (೧೯೬೪–೬೬) ವರ್ಷಾಂತ್ಯದ ಪರೀಕ್ಷೆಯ ಜೊತೆಗೆ ಉಪಾಧ್ಯಾಯರು ವರ್ಷವಿಡೀ ಮಾಡುವ ಆಂತರಿಕ ಮೌಲ್ಯಮಾಪನವೂ ಇರತಕ್ಕದ್ದೆಂದಿತು.

ಕರ್ನಾಟಕದಲ್ಲಿ ಇದರ ಫಲವನ್ನು ಇಂದು ಕಾಣಬಹುದು. ೧೯೧೬ರಲ್ಲಿ ಹುಟ್ಟಿದ ಮೈಸೂರು ವಿಶ್ವವಿದ್ಯಾನಿಲಯವು ತನ್ನ ಸ್ನಾತಕೋತ್ತರ ತರಗತಿಗಳ ಅಂಕಗಳನ್ನು ಸಿ೧, ಸಿ೨, ಸಿ೩ ಎಂಬ ಘಟಕಗಳಾಗಿ ಹಂಚಿತು; ಮೊದಲೆರಡು ಅವಧಿಯ ನಡುನಡುವೆ, ಮೂರನೆಯದು ಕೊನೆಗೆ. ಇದೇ ಮೈಸೂರು ವಿಶ್ವವಿದ್ಯಾನಿಲಯವು ೧೯೬೮ರಲ್ಲಿ ಮಂಗಳೂರಿನ ಬಳಿಯ ಕೊಣಾಜೆಯಲ್ಲಿ ಒಂದು ಸ್ನಾತಕೋತ್ತರ ಕೇಂದ್ರವನ್ನು ತೆರೆದಿತ್ತು. ೧೯೮೦ರಲ್ಲಿ ಅದು ಮಂಗಳೂರು ವಿಶ್ವವಿದ್ಯಾನಿಲಯವಾಯಿತು. ನಾವುಂದ, ಬೈಂದೂರು, ಕುಂದಾಪುರದ ಕಡೆಯ ಎಷ್ಟೋ ಮಕ್ಕಳು ಊರಿನ ಶಾಲೆ, ಕುಂದಾಪುರದ ಕಾಲೇಜು ಇವುಗಳನ್ನು ದಾಟಿ ಹೋಗುವುದು ಅಲ್ಲಿಗೇ. ಅಲ್ಲಿಯೂ ಆರಾರು ತಿಂಗಳ ಅವಧಿಗಳು, ಆಂತರಿಕ ಅಂಕಗಳು ಬಂದಿವೆ.

ಇವೆಲ್ಲ ಒಳ್ಳೆಯ ಕೆಲಸಗಳೇ. ಆದರೆ ಸೂಕ್ಷ್ಮವಾಗಿ ನೋಡಿದರೆ ಇವು ಮಾಡಿರುವುದು ಅಳತೆಯ ಸಂಖ್ಯೆಯನ್ನು ಹೆಚ್ಚಿಸುವುದನ್ನು ಮಾತ್ರ. ವರ್ಷಕ್ಕೊಮ್ಮೆ ಅಳೆಯುತ್ತಿದ್ದುದನ್ನು ನಾಲ್ಕೈದು ಸಲ ಅಳೆದರೆ ಯಾದೃಚ್ಛಿಕ ದೋಷ ಕಡಮೆಯಾಗುತ್ತದೆ. ಪರೀಕ್ಷೆಯ ದಿನ ಜ್ವರ ಬಂದ ವಿದ್ಯಾರ್ಥಿ ಬದುಕಿಕೊಳ್ಳುತ್ತಾನೆ. ಆದರೆ ಆ ನಾಲ್ಕೈದು ಅಳತೆಗಳೂ ನೆನಪಿನ ಅಳತೆಗಳೇ ಆಗಿದ್ದರೆ ವ್ಯವಸ್ಥಿತ ದೋಷ ಕೂದಲೆಳೆಯಷ್ಟೂ ಕಡಮೆಯಾಗಲಿಲ್ಲ. ಪಟ್ಟಿಯ ತುದಿ ಮೋಟಾಗಿಯೇ ಉಳಿಯಿತು. ಆದಕಾರಣ ಅಳತೆಯ ಸಂಖ್ಯೆಯ ಜೊತೆಗೆ ಅದರ ಬಗೆಯೂ ಬದಲಾಗಬೇಕು.

ಬಾವಿಯ ಪ್ರಶ್ನೆ

ಬಗೆ ಬದಲಾಗುವುದೆಂದರೇನು? ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಕಡಲಿನ ದಂಡೆಯ ನೆಲದಡಿಯಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆಂಬುದನ್ನು ೧೯ನೆಯ ಶತಮಾನದ ಕೊನೆಗೆ ಹಾಲೆಂಡಿನ ಗೈಬೆನ್ನನೂ, ೧೯೦೧ರಲ್ಲಿ ಜರ್ಮನಿಯ ಹರ್ಜ್‌ಬರ್ಗನೂ ತಿಳಿಸಿದರು. ಸಿಹಿನೀರಿನ ಸಾಂದ್ರತೆ ಘನ ಮೀಟರಿಗೆ ೧೦೦೦ ಕಿಲೊಗ್ರಾಂ; ಕಡಲನೀರಿನದು ಸುಮಾರು ೧೦೨೫. ವ್ಯತ್ಯಾಸ ೨೫. ಸಾವಿರವನ್ನು ೨೫ರಿಂದ ಭಾಗಿಸಿದರೆ ೪೦. ಅಂದರೆ ಅಂತರ್ಜಲವು ಸಮುದ್ರಮಟ್ಟದಿಂದ ಒಂದು ಅಡಿ ಮೇಲೆ ನಿಂತಿದ್ದರೆ, ಸಮುದ್ರಮಟ್ಟದ ಕೆಳಗೆ ೪೦ ಅಡಿಯ ವರೆಗೆ ಸಿಹಿನೀರಿರುತ್ತದೆ.

ಎಂ.ಎಸ್‌ಸಿ. ಪರೀಕ್ಷೆಯಲ್ಲಿ ಇದನ್ನು ಎರಡು ಬಗೆಯಲ್ಲಿ ಕೇಳಬಹುದು. ಹಳೆಯ ಬಗೆ: “ಗೈಬೆನ್–ಹರ್ಜ್‌ಬರ್ಗ್ ಸಂಬಂಧವನ್ನು ಸಾಧಿಸಿರಿ.” ಪುಸ್ತಕದ ಒಂದು ಪುಟವನ್ನು ಬಾಯಿಪಾಠ ಮಾಡಿದವನಿಗೆ ಪೂರ್ಣಾಂಕ ಸಿಕ್ಕಿತು. ಹೊಸ ಬಗೆ ಇದು: “ನಾವುಂದದ ದಂಡೆಯ ಸಮೀಪ ಒಂದು ಬಾವಿಯಿದೆಯೆಂದು ಭಾವಿಸಿರಿ. ಅದರಲ್ಲಿ ನೀರು ಸಮುದ್ರಮಟ್ಟದಿಂದ ಅರ್ಧ ಮೀಟರು ಮೇಲಿದೆ. ಮನೆಯವರು ಬಾವಿಯನ್ನು ಇನ್ನಷ್ಟು ಆಳ ತೋಡಿ ದೊಡ್ಡ ಪಂಪು ಕೂರಿಸಬೇಕೆಂದಿದ್ದಾರೆ. ಅವರಿಗೆ ನೀವು ಏನು ಹೇಳುವಿರಿ? ಬೇಕಾದ ಪುಸ್ತಕವನ್ನು ತೆರೆದು ನೋಡಬಹುದು.”

ಇಲ್ಲಿ ಸೂತ್ರ ಪುಸ್ತಕದಲ್ಲಿಯೇ ಇದೆ. ಅದನ್ನು ಕಂಡುಹಿಡಿದು ಬಳಸುವುದು ವಿದ್ಯಾರ್ಥಿಯ ಕೆಲಸ. ಅರ್ಧ ಮೀಟರಿಗೆ ಸಿಹಿನೀರಿನ ಆಳ ೨೦ ಮೀಟರು ಎಂಬುದು ಮೊದಲ ಮೆಟ್ಟಲು. ಪಂಪಿನಿಂದ ನೀರಿನ ಮಟ್ಟ ಬರಿಯ ೧೦ ಸೆಂಟಿಮೀಟರು ಶಾಶ್ವತವಾಗಿ ತಗ್ಗಿದರೂ ಕೆಳಗಿನ ಉಪ್ಪುನೀರು ೪ ಮೀಟರು ಮೇಲೇರಿ ನಿಲ್ಲುತ್ತದೆಂಬುದು ಎರಡನೆಯ ಮೆಟ್ಟಲು. ಈ ಸೂತ್ರ ನಿಂತ ನೀರಿಗೆ ಹೇಳಿದ್ದು. ನೆಲದೊಳಗಿನ ನೀರು ಹರಿಯುತ್ತಿರುತ್ತದೆ. ಸಿಹಿ ಉಪ್ಪುಗಳ ನಡುವೆ ಗೆರೆ ಕೊರೆದಂತೆ ಗಡಿಯಿರದೆ ಬೆರಕೆಯ ಪದರವಿರುತ್ತದೆ. ಎಂದು ಎಚ್ಚರಿಸುವವನು ಮೂರನೆಯ ಮೆಟ್ಟಲು ಹತ್ತಿದವನು. ಇನ್ನು ತುಸು ದಕ್ಷಿಣಕ್ಕೆ ಮರವಂತೆಯಲ್ಲಿ ರಸ್ತೆಯ ಒಂದು ಮಗ್ಗುಲಿಗೆ ಕಡಲು, ಇನ್ನೊಂದು ಮಗ್ಗುಲಿಗೆ ಸೌಪರ್ಣಿಕಾ ನದಿ. ಬೇಸಗೆಯಲ್ಲಿ ಭರತದೊಡನೆ ಆ ನದಿಗೂ ಉಪ್ಪುನೀರು ಏರುವುದಾದರೆ, ಆ ಕಿರಿದಾದ ನೆಲದ ಬಾವಿಗಳ ಗತಿಯೇನು? ಈ ಪ್ರಶ್ನೆಯನ್ನು ಯಾರೂ ಕೇಳದೆಯೇ ತಾನಾಗಿ ಎತ್ತಿದ ವಿದ್ಯಾರ್ಥಿನಿ ಎಂ.ಎಸ್‌ಸಿ. ಪದವಿಗೆ ನಿಜವಾಗಿ ಅರ್ಹಳು. ಉತ್ತರವನ್ನು ಒಪ್ಪಿಸುವುದಕ್ಕಿಂತ ಸರಿಯಾದ ಪ್ರಶ್ನೆಯನ್ನು ಹುಟ್ಟಿಸುವುದೇ ಈ ಮೆಟ್ಟಲಿನ ಲಕ್ಷಣ.

ಹೊರನಾಡಿನ ಮೂರು ಉದಾಹರಣೆಗಳು

ಇಂಥ ಬದಲಾವಣೆಗೆ ಹೊರನಾಡುಗಳಲ್ಲಿ ಹಳೆಯ ಮಾದರಿಗಳೂ ಉಂಟು, ಹೊಸವೂ ಉಂಟು. ಕೇಂಬ್ರಿಜ್ಜಿನ ಗಣಿತ ಪರೀಕ್ಷೆಯಲ್ಲಿ ಉತ್ತೀರ್ಣರಾದವರನ್ನು ಒಂದು, ಎರಡು, ಮೂರೆಂದು ಸಾಲಾಗಿ ನಿಲ್ಲಿಸುವ ವಾಡಿಕೆಯಿತ್ತು. ೧೮೫೪ರಲ್ಲಿ ಮೊದಲ ಸ್ಥಾನ ಬಂದುದು ರೌತ್ ಎಂಬವನಿಗೆ. ವಿದ್ಯುತ್ಕಾಂತ ಸಿದ್ಧಾಂತದಿಂದ ಜಗತ್ತನ್ನೇ ಬೆಳಗಿಸಿದ ಮ್ಯಾಕ್ಸ್‌ವೆಲ್ ಎರಡನೆಯವನು. ರೌತನೂ ದೊಡ್ಡ ಗಣಿತಜ್ಞನೇ, ಸಂದೇಹವಿಲ್ಲ. ಆದರೆ ವೇಗವಾಗಿ ಲೆಕ್ಕ ಬಿಡಿಸುವ ಸಾಲಿನಲ್ಲಿ ಹೊಸ ವಿಚಾರ ಹುಟ್ಟಿಸುವ ಶಕ್ತಿಗೆ ಅಂಕವಿರಲಿಲ್ಲ. ಈ ಕೊರತೆಯನ್ನು ಮನಗಂಡು ಅದೇ ವಿಶ್ವವಿದ್ಯಾನಿಲಯವು ಸ್ಮಿತ್ ಬಹುಮಾನಕ್ಕಾಗಿ ನಡೆಯುತ್ತಿದ್ದ ಲಿಖಿತ ಪರೀಕ್ಷೆಯನ್ನು ನಿಲ್ಲಿಸಿ, ೧೮೮೫ರಿಂದ ವಿದ್ಯಾರ್ಥಿಯೇ ಆರಿಸಿಕೊಂಡ ವಿಷಯದ ಮೇಲೆ ಬರೆದ ಪ್ರಬಂಧಕ್ಕೆ ಬಹುಮಾನ ಕೊಡತೊಡಗಿತು. ಗಣಕಯಂತ್ರದ ತತ್ತ್ವಕ್ಕೆ ಅಡಿಪಾಯ ಹಾಕಿದ ಆಲನ್ ಟ್ಯೂರಿಂಗ್ ೧೯೩೬ರಲ್ಲಿ ಅದನ್ನು ಪಡೆದವನು. ಸ್ಥಾನಗಳನ್ನು ಸಾಲಾಗಿ ಸಾರುವ ವಾಡಿಕೆಯೂ ೧೯೦೯ಕ್ಕೆ ಕೊನೆಗೊಂಡಿತು. ನಮ್ಮ ಎಂ.ಎಸ್‌ಸಿ. ತರಗತಿಗಳ ಕೊನೆಯಲ್ಲಿ ಬರೆಯುವ ಪ್ರಾಜೆಕ್ಟ್ ಪ್ರಬಂಧಗಳೂ ಇದೇ ಜಾತಿಯವು.

ಎರಡನೆಯ ಮಾದರಿ ರಷ್ಯದ ಲಾಂಡೌನದು. ಈ ಸೈದ್ಧಾಂತಿಕ ಭೌತವಿಜ್ಞಾನಿ ೧೯೩೦ರ ದಶಕದಲ್ಲಿ ತನ್ನ ಬಳಿ ಕೆಲಸ ಮಾಡಬಯಸುವವರಿಗಾಗಿ ಒಂದು ಪರೀಕ್ಷಾಸರಣಿಯನ್ನು ಏರ್ಪಡಿಸಿದ. ಮೊದಲು ಗಣಿತ, ಆಮೇಲೆ ಬಲವಿಜ್ಞಾನದಿಂದ ಹಿಡಿದು ಸೈದ್ಧಾಂತಿಕ ಭೌತವಿಜ್ಞಾನದ ಒಂದೊಂದೇ ಶಾಖೆ. ಇದಕ್ಕೆ ಗೊತ್ತುಪಡಿಸಿದ ದಿನಾಂಕವಿರಲಿಲ್ಲ. ತಾನು ಸಿದ್ಧನೆಂದು ತೋರಿದಾಗ ವಿದ್ಯಾರ್ಥಿಯೇ ಬಂದು ಪರೀಕ್ಷೆಗೆ ಕೂರಬಹುದಾಗಿತ್ತು. ಸೋತವನು ಓದಿ ಮತ್ತೆ ಬರಬಹುದಾಗಿತ್ತು. ೧೯೬೧ರ ವರೆಗೆ ಈ ಸರಣಿಯನ್ನು ಪೂರ್ತಿ ದಾಟಿದವರು ೪೩ ಮಂದಿ. ಅವರಲ್ಲೊಬ್ಬನಾದ ಅಬ್ರಿಕೊಸೊವನಿಗೆ ೨೦೦೩ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಇಷ್ಟು ಕಠಿಣವಾದ ಜರಡಿ ಎಲ್ಲರಿಗೂ ಬೇಕೆಂದು ನಾವು ಹೇಳುವುದಿಲ್ಲ. ಆದರೆ ಕಾಲವನ್ನು ಸಡಿಲಿಸಿ ಮಟ್ಟವನ್ನು ಸಡಿಲಿಸದ ಅದರ ನೀತಿ ವಿಚಾರಾರ್ಹ. ನಮ್ಮಲ್ಲಿ ನಡೆಯುತ್ತಿರುವುದು ಇದಕ್ಕೆ ತೀರ ವಿರುದ್ಧ. ಇಲ್ಲಿ ದಿನಾಂಕ ಅಚಲ, ಮಟ್ಟ ಸಡಿಲ.

ಮೂರನೆಯದು ಈಚಿನದು. ಕೆನಡಾದ ಬ್ರಿಟಿಷ್ ಕೊಲಂಬಿಯ ವಿಶ್ವವಿದ್ಯಾನಿಲಯದ ಭೌತವಿಜ್ಞಾನ ತರಗತಿಗಳಲ್ಲಿ ಎರಡು ಹಂತದ ಪರೀಕ್ಷೆಯನ್ನು ಬಳಕೆಗೆ ತಂದರು. ವಿದ್ಯಾರ್ಥಿಗಳು ಮೊದಲು ಒಬ್ಬೊಬ್ಬರೇ ಬರೆದು ಉತ್ತರಪತ್ರಿಕೆಯನ್ನು ಒಪ್ಪಿಸುತ್ತಾರೆ. ಒಡನೆಯೇ ಮೂರು ನಾಲ್ಕು ಮಂದಿಯ ಗುಂಪುಗಳಾಗಿ ಕುಳಿತು ಬಹುಮಟ್ಟಿಗೆ ಅವೇ ಪ್ರಶ್ನೆಗಳನ್ನು ಚರ್ಚಿಸಿ ಒಂದೇ ಉತ್ತರವನ್ನು ಬರೆಯುತ್ತಾರೆ. ಅಂಕದ ದೊಡ್ಡ ಪಾಲು ಒಂಟಿ ಬರವಣಿಗೆಗೆ, ಚಿಕ್ಕ ಪಾಲು ಗುಂಪಿನ ಉತ್ತರಕ್ಕೆ. ತಪ್ಪು ಎಲ್ಲಿ ಆಯಿತೆಂಬುದು ಫಲಿತಾಂಶದ ಹಾಳೆ ಬರುವ ಮೊದಲೇ, ಮನಸ್ಸು ಬಿಸಿಯಾಗಿರುವಾಗಲೇ, ಜೊತೆಯವರ ಬಾಯಿಂದ ತಿಳಿಯುತ್ತದೆ. ಅಲ್ಲಿಗೆ ಪರೀಕ್ಷೆಯೂ ಒಂದು ಪಾಠವಾಯಿತು.

ಪ್ರಯೋಗಶಾಲೆಯಲ್ಲಿ ಸತ್ಯ

ಲಿಖಿತ ಪರೀಕ್ಷೆಯ ಮಾತು ಹೀಗಾದರೆ ಪ್ರಾಯೋಗಿಕ ಪರೀಕ್ಷೆಯ ಅವಸ್ಥೆ ಇನ್ನೂ ಯೋಚಿಸತಕ್ಕದ್ದು. ಉತ್ತರ ಮೊದಲೇ ಗೊತ್ತಿರುವ ಪ್ರಯೋಗಗಳನ್ನೇ ವರ್ಷ ವರ್ಷವೂ ಕೊಟ್ಟರೆ, ಉತ್ತರದಿಂದ ಹಿಂದಕ್ಕೆ ಲೆಕ್ಕಹಾಕಿ ಅಳತೆಗಳನ್ನು ಹುಟ್ಟಿಸುವ ದುರಭ್ಯಾಸ ಬೆಳೆಯುತ್ತದೆ. ಗುರುತ್ವ ವೇಗೋತ್ಕರ್ಷದ ಉದಾಹರಣೆಯನ್ನೇ ನೋಡಿರಿ. ಲಂಡನ್ನಿನಲ್ಲಿ ಅದರ ಬೆಲೆ ಸೆಕೆಂಡಿನ ವರ್ಗಕ್ಕೆ ೯.೮೧ ಮೀಟರು, ಪುಸ್ತಕಗಳಲ್ಲಿ ಅಚ್ಚಾಗಿರುವುದು ಬಹುಮಟ್ಟಿಗೆ ಅದೇ. ಸುಮಾರು ೧೩¾ ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವ ನಾವುಂದದಲ್ಲಿ ಅದು ೯.೭೮ಕ್ಕೆ ಸಮೀಪ. ಎಚ್ಚರಿಕೆಯಿಂದ ಅಳೆದು ೯.೭೮ ತಂದವನಿಗೆ “ಕಡಮೆಯಾಯಿತು” ಎಂದೂ, ಅಳೆಯದೆಯೇ ೯.೮೧ ಬರೆದವನಿಗೆ “ಸರಿ” ಎಂದೂ ಅಂಕ ಬಿದ್ದರೆ, ಆ ಪರೀಕ್ಷೆ ಕಲಿಸಿದ್ದು ಸುಳ್ಳನ್ನು.

ಇದಕ್ಕೆ ಪರಿಹಾರವಾಗಿ ಉತ್ತರ ಯಾರಿಗೂ ತಿಳಿಯದ ಕೆಲಸವನ್ನು ಕೊಡಬಹುದು. ಮುಚ್ಚಿದ ಪೆಟ್ಟಿಗೆಯೊಂದರಿಂದ ಎರಡು ತಂತಿಗಳು ಹೊರಬಂದಿವೆ. ಒಳಗೇನಿದೆ, ರೋಧಕವೆ, ಧಾರಕವೆ, ಸುರುಳಿಯೆ, ಎಂಬುದನ್ನು ಹೊರಗಿನಿಂದಲೇ ಅಳೆದು ನಿರ್ಣಯಿಸಬೇಕು. ಅಂಕ ಕೊಡುವುದು ಉತ್ತರಕ್ಕೆ ಮಾತ್ರವಲ್ಲ. ಯಾವ ಅಳತೆಯನ್ನು ಏಕೆ ಆರಿಸಿಕೊಂಡೆ, ದೋಷದ ಅಂದಾಜೆಷ್ಟು, ಯಾವ ಪ್ರಯತ್ನ ಕೈಕೊಟ್ಟಿತು, ಎಂಬುದರ ಪ್ರಾಮಾಣಿಕ ದಾಖಲೆಗೆ. ಸೋತ ಪ್ರಯತ್ನವನ್ನು ಮರೆಮಾಚದೆ ಬರೆದುದಕ್ಕೂ ಅಂಕವುಂಟೆಂದು ಗೊತ್ತಾದರೆ ಸುಳ್ಳು ಬರೆಯುವ ಅಗತ್ಯವೇ ಬೀಳದು.

ತಾಳಮದ್ದಲೆಯ ಪಾಠ

ಇನ್ನುಳಿದುದು ಮೌಖಿಕ ಪರೀಕ್ಷೆ. ಇದು ಹೇಗಿರಬೇಕೆಂಬುದನ್ನು ತಿಳಿಯಲು ನಾವು ದೂರ ಹೋಗಬೇಕಾಗಿಲ್ಲ. ಮಳೆಗಾಲದಲ್ಲಿ ನಮ್ಮ ಕರಾವಳಿಯ ಊರುಗಳಲ್ಲಿ ನಡೆಯುವ ತಾಳಮದ್ದಲೆಯನ್ನು ನೋಡಿದವರಿಗೆ ಅದು ಗೊತ್ತು. ಭಾಗವತರ ಪದ್ಯ ಎಲ್ಲರಿಗೂ ತಿಳಿದದ್ದೇ. ಆದರೆ ಪದ್ಯದ ಮೇಲೆ ಅರ್ಥಧಾರಿ ಆಡುವ ಮಾತು ಯಾವ ಪುಸ್ತಕದಲ್ಲಿಯೂ ಇಲ್ಲ, ಅಲ್ಲಿಯೇ ಹುಟ್ಟಬೇಕು. ಎದುರಿನ ಅರ್ಥಧಾರಿ ಒಂದು ಪ್ರಶ್ನೆ ಎಸೆದರೆ ಕರ್ಣನಾದವನು ಕರ್ಣನ ನಿಲುವಿನಲ್ಲಿಯೇ ನಿಂತು ಸಮಾಧಾನ ಹೇಳಬೇಕು; ತಾನು ಮೊದಲು ಆಡಿದ ಮಾತಿಗೆ ತಾನೇ ವಿರೋಧವಾಗಕೂಡದು. ಬಾಯಿಪಾಠದ ಬಂಡವಾಳ ಅಲ್ಲಿ ಒಂದು ಗಳಿಗೆಯೂ ನಿಲ್ಲದು.

ಎಂ.ಎಸ್‌ಸಿ. ವಿದ್ಯಾರ್ಥಿ ತನ್ನ ಪ್ರಬಂಧವನ್ನು ಇದೇ ರೀತಿ ಸಮರ್ಥಿಸುವಂತಾಗಬೇಕು. ಐದು ನಿಮಿಷದ ಉಪಚಾರದ ಪ್ರಶ್ನೆಗಳು ಸಾಲವು. “ಈ ಆಲೇಖದ ಮೂರನೆಯ ಬಿಂದು ಗೆರೆಯಿಂದ ಏಕೆ ಸಿಡಿದಿದೆ? ಉಷ್ಣತೆ ಹತ್ತು ಡಿಗ್ರಿ ಹೆಚ್ಚಿದ್ದರೆ ಏನಾಗುತ್ತಿತ್ತು?” ಎಂದು ಕೇಳುತ್ತ ಹೋದರೆ, ಬರೆದವನು ಯಾರು, ಬರೆಸಿದವನು ಯಾರು ಎಂಬುದು ಕಾಲು ಗಂಟೆಯೊಳಗೆ ಗೊತ್ತಾಗಿಬಿಡುತ್ತದೆ. ೨೦೨೨ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಸಾರ್ವಜನಿಕರ ಕೈಗೆ ಬಂದ ಮೇಲೆ ಈ ಮಾತಿಗೆ ಹೊಸ ತೂಕ ಬಂದಿದೆ. ಮನೆಯಲ್ಲಿ ಬರೆದು ತಂದ ಪ್ರಬಂಧ ಯಾರ ಬುದ್ಧಿಯದೆಂದು ಕಾಗದವನ್ನು ನೋಡಿ ಹೇಳುವುದು ಈಗ ಕಷ್ಟ. ಬರೆದುದಕ್ಕೆ ಬಾಯಿಂದ ಹೊಣೆ ಹೊರುವವನು ಮಾತ್ರ ಅದರ ಒಡೆಯ.

ಆಕ್ಷೇಪಗಳು

ಇಷ್ಟೆಲ್ಲ ಹೇಳಿದ ಮೇಲೆ ಎದುರುಪಕ್ಷದ ಮಾತನ್ನೂ ಕೇಳಬೇಡವೆ? ಮೂರು ಗಂಟೆಯ ಹಳೆಯ ಲಿಖಿತ ಪರೀಕ್ಷೆಗೆ ಒಂದು ದೊಡ್ಡ ಗುಣವುಂಟು. ಉತ್ತರಪತ್ರಿಕೆಯ ಮೇಲೆ ಹೆಸರಿಲ್ಲ. ಬರೆದವನು ಮೀನುಗಾರರ ಮನೆಯವನೋ ಧನಿಕರ ಮನೆಯವನೋ ಪರೀಕ್ಷಕರಿಗೆ ತಿಳಿಯದು. ಮುಖ ನೋಡಿ ಅಂಕ ಕೊಡುವ ಪದ್ಧತಿಯಲ್ಲಿ ಪಕ್ಷಪಾತಕ್ಕೆ ದಾರಿಯಾಗುವುದಿಲ್ಲವೆ? ಇದು ಹಗುರವಾದ ಆಕ್ಷೇಪವಲ್ಲ. ಬಡವನಿಗೆ ಅನಾಮಧೇಯತೆಯೇ ಎಷ್ಟೋ ವೇಳೆ ರಕ್ಷಣೆ. ಆದುದರಿಂದ ಹೊಸ ಬಗೆಯ ಪರೀಕ್ಷೆಗೆ ಹೊಸ ಕಟ್ಟುಪಾಡುಗಳೂ ಬೇಕು: ಯಾವ ಗುಣಕ್ಕೆ ಎಷ್ಟು ಅಂಕವೆಂಬ ಮಾನದಂಡವನ್ನು ಮೊದಲೇ ವಿದ್ಯಾರ್ಥಿಗಳಿಗೆ ತಿಳಿಸುವುದು, ಇಬ್ಬರು ಪರೀಕ್ಷಕರು, ಒಬ್ಬರು ಹೊರಗಿನವರು, ಬೇರೆಬೇರೆಯಾಗಿ ಅಂಕ ಹಾಕಿ ಆಮೇಲೆ ಹೋಲಿಸುವುದು, ಮೌಖಿಕ ಪರೀಕ್ಷೆಯನ್ನು ಧ್ವನಿಮುದ್ರಿಸಿ ಇಡುವುದು, ಹೆಸರಿಲ್ಲದ ಲಿಖಿತ ಭಾಗವನ್ನು ಪೂರ್ತಿ ಕೈಬಿಡದಿರುವುದು.

ಎರಡನೆಯ ಆಕ್ಷೇಪ ಭಾಷೆಯದು. ಎಂ.ಎಸ್‌ಸಿ. ಪಾಠಗಳು ಬಹುಮಟ್ಟಿಗೆ ಇಂಗ್ಲಿಷಿನಲ್ಲಿ ನಡೆಯುತ್ತವೆ. ಹತ್ತನೆಯ ತರಗತಿಯ ವರೆಗೆ ಕನ್ನಡದಲ್ಲಿ ಓದಿದ ಹಳ್ಳಿಯ ಹುಡುಗಿ ಮೌಖಿಕ ಪರೀಕ್ಷೆಯಲ್ಲಿ ತಡವರಿಸಿದರೆ ಅವಳಿಗೆ ಭೌತವಿಜ್ಞಾನ ಬಾರದೆಂದೋ, ಇಂಗ್ಲಿಷು ಬಾರದೆಂದೋ? ಮಾಪಕ ಭಾಷೆಯನ್ನು ಅಳೆದು ವಿಜ್ಞಾನದ ಅಂಕವೆಂದು ಬರೆದರೆ ಅದೂ ವ್ಯವಸ್ಥಿತ ದೋಷವೇ. ಇಂಗ್ಲಿಷಿನಲ್ಲಿ ಪಾಠ ನಡೆಯುವ ತರಗತಿಗಳಲ್ಲಿಯೂ ವಿದ್ಯಾರ್ಥಿಗಳು ಸ್ಥಳೀಯ ಭಾಷೆಯಲ್ಲಿ ಉತ್ತರ ಬರೆಯಲು ಅವಕಾಶ ಕೊಡಿರೆಂದು ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ೨೦೨೩ರ ಏಪ್ರಿಲಿನಲ್ಲಿ ವಿಶ್ವವಿದ್ಯಾನಿಲಯಗಳನ್ನು ಕೇಳಿಕೊಂಡಿತು. ಬರವಣಿಗೆಗೆ ಸಲ್ಲುವ ನ್ಯಾಯ ಮಾತಿಗೂ ಸಲ್ಲಬೇಕು. ಬಾವಿಯ ಮನೆಯವರಿಗೆ ಅವಳು ಬುದ್ಧಿ ಹೇಳಬೇಕಾದುದು ಕನ್ನಡದಲ್ಲಿಯೇ ತಾನೆ?

ಮೂರನೆಯದು ಶ್ರಮದ ಮಾತು. ನೂರು ಮಂದಿಯನ್ನು ಹೀಗೆ ಒಬ್ಬೊಬ್ಬರನ್ನಾಗಿ ಪರೀಕ್ಷಿಸಲು ಉಪಾಧ್ಯಾಯರಿಗೆ ಹೊತ್ತೆಲ್ಲಿ? ಪದವಿ ತರಗತಿಗಳ ಮಟ್ಟಿಗೆ ಇದು ನಿಜ. ಆದರೆ ಎಂ.ಎಸ್‌ಸಿ. ತರಗತಿಗಳು ಸಾಮಾನ್ಯವಾಗಿ ಅವಕ್ಕಿಂತ ಚಿಕ್ಕವು. ಹೊಸ ಪದ್ಧತಿಯನ್ನು ಎಲ್ಲಿಯಾದರೂ ಮೊದಲು ಪ್ರಯೋಗಿಸಿ ನೋಡುವುದಾದರೆ ಅದಕ್ಕೆ ತಕ್ಕ ಜಾಗ ಇದೇ.

ವಿದ್ಯಾರ್ಥಿ ಮಿತ್ರರಿಗೆ ಕೊನೆಯ ಮಾತೊಂದುಂಟು. ವಿಶ್ವವಿದ್ಯಾನಿಲಯಗಳು ತಮ್ಮ ನಿಯಮಗಳನ್ನು ಬದಲಿಸುವ ವರೆಗೆ ನೀವು ಕಾಯಬೇಕಾಗಿಲ್ಲ. ಒಂದು ಪಾಠವನ್ನು ಓದಿ ಮುಗಿಸಿದ ಮೇಲೆ ಪುಸ್ತಕದ ಕೊನೆಯ ಪ್ರಶ್ನೆಗಳಿಗೆ ಉತ್ತರ ಬರೆಯುವುದರ ಜೊತೆಗೆ, ಅಲ್ಲಿಲ್ಲದ ಒಂದು ಪ್ರಶ್ನೆಯನ್ನು ನಿಮ್ಮ ಊರಿನ ನೀರು, ನೆಲ, ಗಾಳಿಗಳಿಂದ ತೆಗೆದು ನೀವೇ ರಚಿಸಿರಿ. ಅದಕ್ಕೆ ನೀವು ಕೊಟ್ಟ ಉತ್ತರವನ್ನು ಗೆಳೆಯನೊಬ್ಬನ ಮುಂದೆ ಹೇಳಿ, ಅದರಲ್ಲಿ ಹುಳುಕು ಹುಡುಕೆನ್ನಿರಿ. ಅವನ ಐದು ಪ್ರಶ್ನೆಗಳಿಗೆ ನಿಮ್ಮ ಉತ್ತರ ನಿಂತರೆ ಆ ಪಾಠ ನಿಮ್ಮದಾಯಿತು. ನಿಲ್ಲದಿದ್ದರೆ ಎಲ್ಲಿ ಓದಬೇಕೆಂಬುದು ತಿಳಿಯಿತು. ಈ ಪರೀಕ್ಷೆಗೆ ಶುಲ್ಕವಿಲ್ಲ, ದಿನಾಂಕವಿಲ್ಲ, ಅಂಕಪಟ್ಟಿಯೂ ಇಲ್ಲ. ಕಲಿತದ್ದೆಷ್ಟು ಎಂಬುದನ್ನು ಮಾತ್ರ ಇದು ಮೋಸವಿಲ್ಲದೆ ಹೇಳುತ್ತದೆ.